ಹಳೆಯ ಚಿತ್ರಕ್ಕೆ ಹೊಸ ಕೈ



ನಮ್ಮ ಮಠದ ಪೂಜಾಂಕಣದ ಪಡುವಣ ಗೋಡೆಯಲ್ಲಿರುವ ಹಲಗೆಯ ಚಿತ್ರವನ್ನು ನಿಮ್ಮಲ್ಲಿ ಬಹಳ ಮಂದಿ ಬಲ್ಲಿರಿ. ಪ್ರಸಾದನಿಲಯದಲ್ಲಿದ್ದು ಓದಿದವರಂತೂ ಬೆಳಗಿನ ಜಾವ ಅದರ ಎದುರು ಕುಳಿತೇ ಇಷ್ಟಲಿಂಗಪೂಜೆಯನ್ನು ಕಲಿತವರು. ಪೂರ್ವದ ಗುರುಗಳೊಬ್ಬರು ಎಡ ಅಂಗೈಯಲ್ಲಿ ಲಿಂಗವನ್ನಿರಿಸಿಕೊಂಡು ಕುಳಿತಿರುವ ಚಿತ್ರ ಅದು. ದೀಪದ ಕಾಡಿಗೆಯೂ ಧೂಪದ ಹೊಗೆಯೂ ಕೂಡಿ ಅದು ಕಪ್ಪಾಗಿದೆ. ಚಿನ್ನದ ರೇಕು ಅಲ್ಲಲ್ಲಿ ಎದ್ದಿದೆ. ಎಡಗೆನ್ನೆಯ ಬಣ್ಣ ಉದುರಿಹೋಗಿದೆ. ಚಿತ್ರಕಲಾ ಶಿಕ್ಷಕರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಇದನ್ನು ಗಣಕಯಂತ್ರದ ನೆರವಿನಿಂದ ಹೊಸದಾಗಿ ಬರೆದು, ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ, ಚೌಕಟ್ಟು ಕಟ್ಟಿಸಿ ಗದ್ದುಗೆಯ ಮುಂದೆ ತಂದಿಟ್ಟರು. ಹಳೆಯದನ್ನು ಇಳಿಸಿ ಅದೇ ಸ್ಥಳದಲ್ಲಿ ಹೊಸದನ್ನು ಏರಿಸಬೇಕು, ಈ ಪತ್ರಿಕೆಯ ಮುಖಪುಟಕ್ಕೂ ಅದನ್ನೇ ಬಳಸಬೇಕು ಎಂದು ಅನೇಕ ಭಕ್ತರು ಒತ್ತಾಯಪಡಿಸಿದರು. ಆ ಕೃತಿಯ ಗುಣದೋಷಗಳನ್ನು ವಿಚಾರಿಸಿ ಒಂದು ನಿಲುವಿಗೆ ಬರುವುದು ನಮ್ಮ ಹೊಣೆಯಾಯಿತು. ಆ ವಿಚಾರವನ್ನು ನಿಮ್ಮ ಮುಂದಿಡುವುದೇ ಈ ಬರಹದ ಉದ್ದೇಶ.

ಮೊದಲಿಗೆ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಇಷ್ಟಲಿಂಗನಿಷ್ಠರಾದ ನಮಗೆ ಚಿತ್ರಪಟದ ಗೊಡವೆ ಏಕೆ ಎಂದು ಹಿರಿಯರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ನಮಗೆ ಪೂಜ್ಯವಾದುದು ಕರಸ್ಥಲದ ಲಿಂಗವೇ ಹೊರತು ಗೋಡೆಯ ಮೇಲಿನ ಚಿತ್ರವಲ್ಲ. ಆದರೆ ಆ ಚಿತ್ರ ನಮ್ಮಲ್ಲಿ ಗುರುವಿನ ಕೆಲಸವನ್ನು ಮಾಡುತ್ತ ಬಂದಿದೆ. ಹೇಗೆ ಕುಳಿತುಕೊಳ್ಳಬೇಕು, ಅಂಗೈಯನ್ನು ಎಷ್ಟು ಎತ್ತರದಲ್ಲಿ ಹಿಡಿಯಬೇಕು, ದೃಷ್ಟಿ ಎಲ್ಲಿ ನಿಲ್ಲಬೇಕು ಎಂಬ ಪಾಠವನ್ನು ಅದು ತಲೆಮಾರುಗಳಿಂದ ಬಾಯಿಲ್ಲದೆ ಹೇಳಿಕೊಟ್ಟಿದೆ. ಪಾಠದ ಪುಸ್ತಕದಲ್ಲಿ ತಪ್ಪು ಅಚ್ಚಾದರೆ ಸುಮ್ಮನಿರಲು ಹೇಗೆ ಬರುವುದಿಲ್ಲವೋ, ಈ ಚಿತ್ರದಲ್ಲಿ ತಪ್ಪಾದರೂ ಹಾಗೆಯೇ.

ಹಳೆಯ ರೂಪವನ್ನು ಹೊಸ ಉಪಾಯದಿಂದ ಮತ್ತೆ ಬರೆಯುವ ಪ್ರಶ್ನೆ ನಮ್ಮ ಮಠದ್ದು ಮಾತ್ರವಲ್ಲ. ನಮ್ಮ ಸುತ್ತಣ ನಾಲ್ಕು ತಾಲೂಕುಗಳಲ್ಲಿಯೇ ಅದಕ್ಕೆ ನಾಲ್ಕು ಬಗೆಯ ಉತ್ತರಗಳಿವೆ. ಆದುದರಿಂದ ತೀರ್ಮಾನ ಹೇಳುವ ಮುನ್ನ ಆ ಶಿಕ್ಷಕರನ್ನೂ ಪ್ರಸಾದನಿಲಯದ ಕೆಲವು ವಿದ್ಯಾರ್ಥಿಗಳನ್ನೂ ಕರೆದುಕೊಂಡು ಒಂದು ದಿನ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ದಾರಿಯಲ್ಲಿ ಹೋಗಿಬಂದೆವು.

ಶ್ರೀರಂಗಪಟ್ಟಣದ ದರಿಯಾ ದೌಲತ್ ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಬೇಸಗೆಯ ಅರಮನೆ. ಅದರ ಹೊರಗೋಡೆಗಳ ತುಂಬ ಚಿತ್ರಗಳು. ಪಡುವಣ ಗೋಡೆಯಲ್ಲಿ ಹೈದರ್ ಮತ್ತು ಟಿಪ್ಪುವಿನ ದಂಡಿನ ಮೆರವಣಿಗೆಯೂ, 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಇಂಗ್ಲಿಷ್ ಸೇನೆ ಸೋತ ಪ್ರಸಂಗವೂ ಇವೆ. ಕೆಂಪು ಅಂಗಿಯ ಸಿಪಾಯಿಗಳ ಚೌಕವ್ಯೂಹ, ಅದರ ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತ ಬೈಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ದುರ್ಬೀನು ಹಿಡಿದ ಫ್ರೆಂಚ್ ಸೇನಾನಿ ಲಾಲಿ, ಎಲ್ಲವೂ ಒಂದೇ ಹರಹಿನಲ್ಲಿ ತುಂಬಿಕೊಂಡಿವೆ. ಬಿಸಿಲು ತಾಕದಂತೆ ಇಳಿಬಿಟ್ಟ ಪರದೆಗಳ ಹಿಂದೆ ನಿಂತು ನೋಡುವಾಗ ಎಲ್ಲರೂ ಅಂದುಕೊಳ್ಳುವುದು, ಟಿಪ್ಪುವಿನ ಚಿತ್ರಗಾರರ ಕೈಗೆಲಸವನ್ನೇ ನೋಡುತ್ತಿದ್ದೇವೆ ಎಂದು.

ಆದರೆ ಸಂಗತಿ ಬೇರೆಯಾಗಿದೆ. ಬಿ. ಎಲ್. ರೈಸ್ ಅವರು ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಬರೆದಿರುವ ಪ್ರಕಾರ ಈ ಚಿತ್ರಗಳು ಮುತ್ತಿಗೆಗೆ ಮುಂಚೆಯೇ ಕೆಡಿಸಲ್ಪಟ್ಟಿದ್ದವು. 1799ರ ತರುವಾಯ ಇಲ್ಲಿ ಬೀಡುಬಿಟ್ಟಿದ್ದ ಕರ್ನಲ್ ವೆಲ್ಲೆಸ್ಲಿ ಅವುಗಳನ್ನು ಸರಿಪಡಿಸಿದನು. ಮುಂದೆ ಸುಣ್ಣ ಬಳಿದು ಅವು ಮತ್ತೆ ಮಾಸಿಹೋದವು. 1855ರಲ್ಲಿ ಮೈಸೂರು ಸೀಮೆಗೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿಯು, ಮೂಲಚಿತ್ರವನ್ನು ನೆನಪಿನಲ್ಲಿಟ್ಟುಕೊಂಡಿದ್ದ ದೇಶೀಯ ಚಿತ್ರಗಾರನೊಬ್ಬನಿಂದ ಅವುಗಳನ್ನು ಮತ್ತೆ ಬರೆಯಿಸಿದನು. ಸೋತವರ ಕಡೆಯ ಅಧಿಕಾರಿಗಳೇ ತಮ್ಮ ಸೋಲಿನ ಚಿತ್ರವನ್ನು ಎರಡು ಸಲ ಜೀರ್ಣೋದ್ಧಾರ ಮಾಡಿಸಿದ್ದು ಚರಿತ್ರೆಯ ಒಂದು ವಿಚಿತ್ರ. ಅದಕ್ಕಿಂತಲೂ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸುವುದು ಆ ಹೆಸರಿಲ್ಲದ ಚಿತ್ರಗಾರ. ಸುಣ್ಣದ ಕೆಳಗೆ ಹೋದ ಯುದ್ಧವನ್ನು ಅವನು ತನ್ನ ನೆನಪಿನಿಂದ ಮೇಲಕ್ಕೆ ತಂದನು. ಅವನಿಲ್ಲದಿದ್ದರೆ ಇಂದು ಅಲ್ಲಿ ಬರಿಯ ಗೋಡೆಯಿರುತ್ತಿತ್ತು.

ಅವನಿಗೆ ಕೈಮುಗಿದೇ ಒಂದು ವಿಮರ್ಶೆಯ ಮಾತನ್ನು ಹೇಳಬೇಕಾಗಿದೆ. ಅವನು ಬರೆದದ್ದು ಮೂಲವಿದ್ದ ಗೋಡೆಯ ಮೇಲೆಯೇ. ಎಷ್ಟು ನೆನಪು, ಎಷ್ಟು ಊಹೆ, ಎಷ್ಟು ತನ್ನ ಕಾಲದ ರೂಢಿ ಎಂಬುದನ್ನು ಇಂದು ಬೇರ್ಪಡಿಸಿ ಹೇಳುವುದು ಕಷ್ಟ. ಮೂಡಣ ಗೋಡೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿ ಸಾಲುಸಾಲಾಗಿ ಬರೆದ ಒಡ್ಡೋಲಗಗಳಲ್ಲಿ ಮಾಗಡಿಯ ಕೆಂಪೇಗೌಡ, ಚಿತ್ರದುರ್ಗದ ಮದಕರಿನಾಯಕ, ತಂಜಾವೂರಿನ ರಾಜ ಮೊದಲಾದವರ ಜೊತೆಗೆ ಮುಮ್ಮಡಿ ಕೃಷ್ಣರಾಜ ಒಡೆಯರೂ ಇದ್ದಾರೆ. ಒಡೆಯರು ಹುಟ್ಟಿದ್ದು 1794ರಲ್ಲಿ, ಪಟ್ಟವೇರಿದ್ದು 1799ರಲ್ಲಿ. 1784ರ ಚಿತ್ರಗಾರನು ಅವರನ್ನು ಬರೆದಿರಲು ಸಾಧ್ಯವಿಲ್ಲ. ಹೊಸ ಕೈ ಹಳೆಯ ಗೋಡೆಯೊಳಗೆ ಹೊಸ ಅರಸನನ್ನು ಕೂರಿಸಿದೆ. ತಾನು ಕೂರಿಸಿದ್ದೆಂದು ಎಲ್ಲಿಯೂ ಗುರುತು ಹಾಕಿಲ್ಲ. ಶಿಕ್ಷಕರು ಆ ಚಿತ್ರದ ಮುಂದೆ ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದರು.

ಪೊಲ್ಲಿಲೂರಿನ ಚಿತ್ರವನ್ನು ಕಾಗದದ ಮೇಲೆ ಬರೆದ ಪ್ರತಿಗಳೂ ಉಂಟು. 10 ದೊಡ್ಡ ಹಾಳೆಗಳಲ್ಲಿ ಸುಮಾರು 32 ಅಡಿ ಉದ್ದಕ್ಕೆ ಬರೆದ ಅಂಥದೊಂದು ಪ್ರತಿ 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ ಮಾರಾಟವಾಯಿತು. ಗೋಡೆಯಿಂದ ಕಾಗದಕ್ಕೆ ಬಂದಾಗ ಉಪಕರಣ ಬದಲಾಯಿತು, ಅಳತೆ ಬದಲಾಯಿತು. ಆದರೆ ಗೋಡೆಗೆ ಏಟು ಬೀಳಲಿಲ್ಲ. ಗೋಡೆ ಗೋಡೆಯಾಗಿ ಉಳಿಯಿತು, ಪ್ರತಿ ಪ್ರತಿಯಾಗಿ ಉಳಿಯಿತು. ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡುವ ಅವಕಾಶ ಮುಂದಿನವರಿಗೆ ದೊರೆಯಿತು. ಮೇಲೆ ಬರೆಯುವುದಕ್ಕೂ ಪಕ್ಕದಲ್ಲಿ ಬರೆಯುವುದಕ್ಕೂ ಇರುವ ಈ ಅಂತರವನ್ನು ಓದುಗರು ಮನಸ್ಸಿನಲ್ಲಿಡಬೇಕೆಂದು ಕೋರುತ್ತೇವೆ.

ಅಲ್ಲಿಂದ ಪಾಂಡವಪುರ. ಫ್ರೆಂಚರ ತುಕಡಿಗಳು ಬೀಡುಬಿಟ್ಟಿದ್ದುದರಿಂದ ಹಿಂದೆ ‘ಫ್ರೆಂಚ್ ರಾಕ್ಸ್’ ಎನಿಸಿಕೊಂಡಿದ್ದ ಊರು ಇದೇ. ಈ ತಾಲೂಕಿಗೆ ಸೇರಿದ ಮೇಲುಕೋಟೆಯಲ್ಲಿ ಚೆಲುವನಾರಾಯಣನ ಉತ್ಸವಮೂರ್ತಿಗೆ ವೈರಮುಡಿ, ರಾಜಮುಡಿ, ಕೃಷ್ಣರಾಜಮುಡಿ ಎಂಬ ಮೂರು ಕಿರೀಟಗಳಿವೆ. ರಾಜಮುಡಿ ರಾಜ ಒಡೆಯರ ಕಾಣಿಕೆ, ಕೃಷ್ಣರಾಜಮುಡಿ ಮುಮ್ಮಡಿಯವರ ಕಾಣಿಕೆ. ಕಾಲಕಾಲದ ಭಕ್ತಿ ಕಿರೀಟವಾಗಿ ಬಂದಿತು, ಏರಿತು, ಇಳಿಯಿತು. ಮೂರ್ತಿಯನ್ನು ಯಾರೂ ತಿದ್ದಲಿಲ್ಲ. ಅಲಂಕಾರ ಯಾವುದು, ಸ್ವರೂಪ ಯಾವುದು ಎಂಬ ವಿವೇಕ ಅಲ್ಲಿನವರಿಗೆ ಸ್ಪಷ್ಟವಾಗಿತ್ತು.

ಕೃಷ್ಣರಾಜಪೇಟೆಯ ಮಗ್ಗುಲಲ್ಲಿರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ 13ನೆಯ ಶತಮಾನದ ಹೊಯ್ಸಳರ ರಚನೆ. ಅದರ ತಳಗೋಡೆಯ ಪಟ್ಟಿಕೆಯಲ್ಲಿ ರಾಮಾಯಣದ ಕಥೆ ಕಲ್ಲಿನಲ್ಲಿ ಸಾಗುತ್ತದೆ. ರಾಮನು ಮತ್ತೆ ಮತ್ತೆ ಬರುತ್ತಾನೆ. ಮಕ್ಕಳಿಗೆ ಅವನನ್ನು ಗುರುತಿಸಲು ಹೇಳಿದೆವು. ಗೇಣುದ್ದದ ಆ ಮೂರ್ತಿಗಳಲ್ಲಿ ಮುಖಗಳು ಸವೆದಿವೆ. ಆದರೂ ಹುಡುಗರು ತಡವರಿಸಲಿಲ್ಲ. ಕೈಯ ಬಿಲ್ಲು, ನಿಂತ ಭಂಗಿ, ಪಕ್ಕದ ಲಕ್ಷ್ಮಣ, ಇಷ್ಟರಿಂದಲೇ ಅವರು ಕಂಡುಹಿಡಿದರು. ಹಳೆಯ ಶಿಲ್ಪಿಯ ಲೆಕ್ಕದಲ್ಲಿ ಮೂರ್ತಿಯ ಜೀವ ಅದರ ಲಾಂಛನದಲ್ಲಿ ಮತ್ತು ಭಂಗಿಯಲ್ಲಿತ್ತು. ಮುಖದ ಹೋಲಿಕೆಗೆ ಆಮೇಲಿನ ಸ್ಥಾನ. ಛಾಯಾಚಿತ್ರಕ್ಕೆ ಒಗ್ಗಿದ ನಮ್ಮ ಕಣ್ಣಿಗೆ ಇದು ತಲೆಕೆಳಗಾಗಿದೆ.

ನಾಗಮಂಗಲ ಲೋಹದ ಮೂರ್ತಿಗಳ ಎರಕಕ್ಕೆ ಹೆಸರಾದ ಊರು. ಮೇಣದಲ್ಲಿ ರೂಪವನ್ನು ಮಾಡಿ, ಮಣ್ಣು ಮೆತ್ತಿ, ಕಾಯಿಸಿ, ಮೇಣ ಕರಗಿಹೋದ ಟೊಳ್ಳಿಗೆ ಲೋಹವನ್ನು ಹೊಯ್ಯುವುದು ಎರಕದ ಹಳೆಯ ಕ್ರಮ. ಅಚ್ಚನ್ನು ಒಡೆದೇ ಮೂರ್ತಿಯನ್ನು ತೆಗೆಯಬೇಕಾದುದರಿಂದ ಪ್ರತಿಯೊಂದು ಮೂರ್ತಿಯೂ ಹೊಸದೇ. ಆದರೂ ತಾಳಮಾನ ಹಳೆಯದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಈ ಎರಕದ ವಿಧಾನವೂ ಇದೆ, ಗೋಡೆಯನ್ನು ಹದಗೊಳಿಸಿ ಚಿತ್ರ ಬರೆಯುವ ವಿಧಾನವೂ ಇದೆ. ಎಮ್ಮೆಯ ಚರ್ಮವನ್ನು ಕುದಿಸಿ ಮಾಡುವ ವಜ್ರಲೇಪವೆಂಬ ಅಂಟಿನ ವಿವರಣೆಯೂ ಅಲ್ಲಿಯದೇ. ಶರಣರು ಬಂದು ನೆಲಸುವುದಕ್ಕೆ ಕೆಲವೇ ವರ್ಷಗಳ ಮುಂಚೆ ಅದೇ ಕಲ್ಯಾಣದಲ್ಲಿ ಇಂಥ ತಂತ್ರವಿಚಾರ ನಡೆದಿತ್ತೆಂಬುದನ್ನು ಮರೆಯಬಾರದು. ತಂತ್ರವನ್ನು ಹೀನವೆಂದು ಕಾಣುವುದು ನಮ್ಮ ನಾಡಿನ ಪರಂಪರೆಯಲ್ಲ.

ಇನ್ನು ನಮ್ಮ ಮನೆಯ ಉದಾಹರಣೆಯೇ ಒಂದಿದೆ. ಶೂನ್ಯಸಂಪಾದನೆ ಎಂಬುದು ಒಂದೇ ಗ್ರಂಥವಲ್ಲ ಎಂಬುದನ್ನು ನೀವು ಬಲ್ಲಿರಿ. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಯೋಜಿಸಿದ್ದನ್ನು ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ತಮ್ಮ ತಮ್ಮ ದೃಷ್ಟಿಯಿಂದ ಮತ್ತೆ ಸಂಯೋಜಿಸಿದರು. ಅಲ್ಲಮಪ್ರಭುವಿನ ಅದೇ ಚಿತ್ರವನ್ನು ನಾಲ್ವರು ಬರೆದರು. ಸಿದ್ಧರಾಮೇಶ್ವರರ ದೀಕ್ಷೆಯ ಪ್ರಸಂಗದಂಥ ಕಡೆಗಳಲ್ಲಿ ಹಿಂದಿನದು ಸರಿಯಿಲ್ಲವೆಂಬ ಅಭಿಪ್ರಾಯಭೇದವೂ ಬಂದಿತು. ಆಗ ಅವರು ಮಾಡಿದ್ದೇನು? ಹಿಂದಿನವರ ಓಲೆಯನ್ನು ಹೆರೆದು ಅದರ ಮೇಲೆ ಬರೆಯಲಿಲ್ಲ. ತಮ್ಮ ಸಂಪಾದನೆಯನ್ನು ಹೊಸ ಓಲೆಯಲ್ಲಿ ಬರೆದರು. ಆದ ಕಾರಣ ಹಳೆಯದೂ ಉಳಿಯಿತು, ಹೊಸದೂ ನಿಂತಿತು. ನಾಲ್ಕನ್ನೂ ಎದುರಿಗಿಟ್ಟುಕೊಂಡು ಯಾರು ಏನನ್ನು ಸೇರಿಸಿದರು, ಏಕೆ ಸೇರಿಸಿದರು ಎಂದು ವಿಚಾರಿಸುವ ಭಾಗ್ಯ ಇಂದಿನ ವಿದ್ವಾಂಸರಿಗೆ ದೊರೆತಿದೆ. ತಿದ್ದುವ ಸ್ವಾತಂತ್ರ್ಯವನ್ನೂ ಹಿಂದಿನವರ ಮೇಲಿನ ಗೌರವವನ್ನೂ ಏಕಕಾಲದಲ್ಲಿ ಉಳಿಸಿಕೊಂಡ ಮಾರ್ಗ ಇದು. ಚಿತ್ರಕ್ಕೂ ಇದೇ ಮಾರ್ಗ ಸಲ್ಲುತ್ತದೆ ಎಂಬುದು ನಮ್ಮ ಅಭಿಮತ.

ರಾಜಾ ರವಿವರ್ಮರು ಪಾಶ್ಚಾತ್ಯರ ತೈಲವರ್ಣದಲ್ಲಿ ಪುರಾಣದ ವ್ಯಕ್ತಿಗಳನ್ನು ಬರೆದರಲ್ಲ, ಅದು ತಪ್ಪೇ ಎಂದು ಶಿಕ್ಷಕರು ದಾರಿಯಲ್ಲಿ ಕೇಳಿದರು. ತಪ್ಪಲ್ಲ. ಅವರು ಹೊಸ ಬಟ್ಟೆಯ ಮೇಲೆ, ತಮ್ಮ ಹೆಸರಿನಲ್ಲಿ ಬರೆದರು. ಮುಂದೆ ಅವರ ಅಚ್ಚಿನ ಚಿತ್ರಗಳು ಮನೆಮನೆಗೂ ಹೋಗಿ, ಸರಸ್ವತಿ ಲಕ್ಷ್ಮಿಯರೆಂದರೆ ಹಾಗೆಯೇ ಇರಬೇಕೆಂದು ಜನ ನಂಬಿದ್ದು ಬೇರೆ ಸಂಗತಿ. ಒಂದು ಚಿತ್ರ ಬಹಳ ಅಂದವಾಗಿದ್ದು ಬಹಳ ಕಡೆ ಹಬ್ಬಿದರೆ, ಮಿಕ್ಕ ಹಳೆಯ ಚಿತ್ರಗಳನ್ನು ನೋಡುವ ಕಣ್ಣೇ ನಮ್ಮಲ್ಲಿ ಮುಚ್ಚಿಹೋಗುತ್ತದೆ. ಅದು ಬರೆದವರ ದೋಷವಲ್ಲ, ನೋಡುವವರ ಸೋಮಾರಿತನ.

ಈಗ ಪ್ರಕೃತ ಕೃತಿಗೆ ಬರೋಣ. ಹೊಸ ಚಿತ್ರದ ಗುಣಗಳನ್ನು ಮೊದಲು ಹೇಳುವುದು ಧರ್ಮ. ಹೊಗೆಯಲ್ಲಿ ಮುಚ್ಚಿದ್ದ ರುದ್ರಾಕ್ಷಿಮಾಲೆ, ತ್ರಿಪುಂಡ್ರ, ಕಾವಿಯ ನೆರಿಗೆಗಳು ಈಗ ಅಂಕಣದ ಕೊನೆಯಲ್ಲಿ ಕುಳಿತವನಿಗೂ ಕಾಣುತ್ತವೆ. ಗೆರೆಯಲ್ಲಿ ಹಿಡಿತವಿದೆ. ಗಡ್ಡದ ಒಂದೊಂದು ಎಳೆಯನ್ನೂ ತಾಳ್ಮೆಯಿಂದ ಬಿಡಿಸಲಾಗಿದೆ. ಭಕ್ತಿಯಿಲ್ಲದವನು ಇಷ್ಟು ದುಡಿಯಲಾರ.

ಆದರೂ ಮೂರು ಕಡೆ ಚಿತ್ರ ಎಡವಿದೆ. ಮೊದಲನೆಯದು ದೃಷ್ಟಿ. ಹಳೆಯ ಹಲಗೆಯಲ್ಲಿ ರೆಪ್ಪೆಗಳು ಅರ್ಧ ಇಳಿದು, ನೋಟ ಅಂಗೈಯ ಲಿಂಗದ ಮೇಲೆ ನೆಟ್ಟಿದೆ. ಹೊಸದರಲ್ಲಿ ಗುರುಗಳು ತಲೆಯೆತ್ತಿ ನಮ್ಮನ್ನು ನೋಡುತ್ತಾರೆ. ಕಣ್ಣಿನ ಪಾಪೆಯಲ್ಲಿ ಬೆಳಕಿನ ಚುಕ್ಕೆಯೂ ಇದೆ. ಭಾವಚಿತ್ರಕ್ಕೆ ಇದು ಭೂಷಣವಿರಬಹುದು. ಲಿಂಗಪೂಜಕನಿಗಲ್ಲ. ಅನಿಮಿಷಯ್ಯನ ಕಥೆಯನ್ನು ನೆನೆಯಿರಿ. ಕರಸ್ಥಲದ ಲಿಂಗದಲ್ಲಿ ನೆಟ್ಟ ಅವನ ದೃಷ್ಟಿ ಎದುರಿಗೆ ಅಲ್ಲಮನೇ ಬಂದು ನಿಂತರೂ ಕದಲಲಿಲ್ಲ. ಅಂಥ ಪರಂಪರೆಯ ಗುರು ಪೂಜೆಯ ನಡುವೆ ನೋಡುಗರ ಕಡೆಗೆ ಕಣ್ಣು ಹಾಯಿಸಿದರೆ ಚಿತ್ರದ ಅರ್ಥವೇ ಮಗುಚುತ್ತದೆ. ಹಳೆಯದರಲ್ಲಿ ನಾವು ಅವರನ್ನು ನೋಡುತ್ತೇವೆ, ಅವರು ಲಿಂಗವನ್ನು ನೋಡುತ್ತಾರೆ. ಹೀಗೆ ನಮ್ಮ ನೋಟವೂ ಲಿಂಗದಲ್ಲಿ ಹೋಗಿ ನಿಲ್ಲುತ್ತದೆ. ಹೊಸದರಲ್ಲಿ ಆ ದಾರಿ ಕಡಿದುಹೋಗಿದೆ.

ಎರಡನೆಯದು ಕೈ. ಹಳೆಯ ಚಿತ್ರದಲ್ಲಿ ಅಂಗೈ ದೇಹದ ಅಳತೆಗೆ ಮೀರಿ ದೊಡ್ಡದು, ಎದೆಯ ಮಟ್ಟಕ್ಕೆ ಎತ್ತಿ ಹಿಡಿದದ್ದು. ಶರೀರಶಾಸ್ತ್ರದ ಪ್ರಮಾಣದಿಂದ ಇದು ತಪ್ಪೆಂದು ಭಾವಿಸಿ ಶಿಕ್ಷಕರು ಕೈಯನ್ನು ಕಿರಿದುಮಾಡಿ ತೊಡೆಯ ಬಳಿಗೆ ಇಳಿಸಿದರು. ಹಳೆಯ ಚಿತ್ರಗಾರನಿಗೆ ಅಳತೆ ಗೊತ್ತಿರಲಿಲ್ಲವೆಂದು ತಿಳಿಯುವುದು ಅವಸರದ ತೀರ್ಪು. ಲಿಂಗಕ್ಕೆ ಪೀಠವಾದ ಕರಸ್ಥಲ ಅವನಿಗೆ ಮುಖ್ಯವಾಗಿ ಕಂಡಿತು. ಮುಖ್ಯವಾದುದನ್ನು ದೊಡ್ಡದಾಗಿ ಬರೆದನು. ಹೊಸ ಚಿತ್ರದ ಒಂದು ಪ್ರತಿ ಪ್ರಸಾದನಿಲಯದಲ್ಲಿ ಕೆಲವು ವಾರ ತೂಗಿತ್ತು. ಆಗ ತಾನೇ ದೀಕ್ಷೆಯಾಗಿದ್ದ ಒಬ್ಬ ಚಿಕ್ಕ ಹುಡುಗ ಅಂಗೈಯನ್ನು ಮೊಣಕಾಲಿನ ಮೇಲೆ ಇಳಿಬಿಟ್ಟು, ಎದುರಿಗೆ ಯಾರು ಬಂದರೆಂದು ನೋಡುತ್ತ ಪೂಜೆಗೆ ಕುಳಿತಿದ್ದನ್ನು ಕಂಡೆವು. ಹಾಗೇಕೆ ಮಗು ಎಂದು ಕೇಳಿದರೆ ಗೋಡೆಯ ಕಡೆಗೆ ಬೆರಳು ತೋರಿಸಿದನು.

ಮೂರನೆಯದು ಉದುರಿಹೋಗಿದ್ದ ಎಡಗೆನ್ನೆ. ಅದನ್ನು ತಾವು ಬರೆಯಲಿಲ್ಲ, ಕೃತಕ ಬುದ್ಧಿಮತ್ತೆಯ ಯಂತ್ರವೇ ತುಂಬಿತೆಂದು ಶಿಕ್ಷಕರು ಮುಚ್ಚಿಡದೆ ಹೇಳಿದರು. ಅವರ ಪ್ರಾಮಾಣಿಕತೆ ದೊಡ್ಡದು. ಅಂಥ ಯಂತ್ರ ಅಸಂಖ್ಯ ಮುಖಗಳನ್ನು ಕಂಡು, ಸಾಮಾನ್ಯವಾಗಿ ಎಲ್ಲಿ ಏನಿರುತ್ತದೆಯೋ ಅದನ್ನು ತಂದು ತುಂಬುತ್ತದೆ. ಗುರುಗಳ ಮುಖದಲ್ಲಿ ಸಾಮಾನ್ಯವಲ್ಲದೆ ಇದ್ದುದೇನು ಎಂಬುದು ಅದಕ್ಕೆ ತಿಳಿಯಲಾರದು. 1855ರ ಚಿತ್ರಗಾರನ ಬಳಿ ಕೊನೆಯ ಪಕ್ಷ ನೆನಪಿತ್ತು. ಯಂತ್ರದ ಬಳಿ ಇರುವುದು ಬೇರೆಯವರ ಮುಖಗಳು.

ಹೀಗೆಂದು ಹೊಸ ಉಪಾಯವನ್ನೇ ತಳ್ಳಿಹಾಕುವವರು ನಾವಲ್ಲ. ಅದೇ ಶಿಕ್ಷಕರು ಹಲಗೆಯ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ಛಾಯಾಚಿತ್ರಗಳನ್ನು ತೆಗೆದು ಹಿಗ್ಗಿಸಿ ತೋರಿಸಿದರು. ಆಗ ಕಂಡದ್ದನ್ನು ಇಷ್ಟು ವರ್ಷ ಅದರೆದುರು ಕುಳಿತ ನಾವೂ ಕಂಡಿರಲಿಲ್ಲ. ಅಂಗೈಯ ಕೆಳಗೆ ಇನ್ನೊಂದು ಅಂಗೈಯ ಗೀಚುಗೆರೆ ಇತ್ತು! ಚಿತ್ರಗಾರನು ಮೊದಲು ಕೈಯನ್ನು ತಗ್ಗಿನಲ್ಲಿ, ಸಣ್ಣದಾಗಿ ಗುರುತು ಹಾಕಿ, ಅನಂತರ ಅದನ್ನು ಬಿಟ್ಟು ಮೇಲಕ್ಕೆ ದೊಡ್ಡದಾಗಿ ಬರೆದಿದ್ದನು. ಅಂದರೆ ಶಿಕ್ಷಕರು ಮಾಡಿದ ತಿದ್ದುಪಡಿಯನ್ನು ಅವನು ಆಗಲೇ ಆಲೋಚಿಸಿ ಬೇಡವೆಂದು ಬಿಟ್ಟಿದ್ದನು. ಬರೆಯುವುದಕ್ಕೆ ಮುಂಚೆ ನೋಡುವುದಕ್ಕೆ ಹೊಸ ತಂತ್ರವನ್ನು ಬಳಸಿದ್ದರೆ ಈ ಎಡವಟ್ಟು ಆಗುತ್ತಲೇ ಇರಲಿಲ್ಲ ಎಂದು ಶಿಕ್ಷಕರೇ ಹೇಳಿದರು. ಅವರ ಮಾತಿಗೆ ನಾವು ಸೇರಿಸಬೇಕಾದದ್ದು ಏನೂ ಇಲ್ಲ.

ನಮ್ಮ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಆ ಹಲಗೆ ಇಷ್ಟು ಕಪ್ಪಾಗಲು ಹೊಗೆಯೊಂದೇ ಕಾರಣವಲ್ಲ. ನಾವು ಸಾಧಕರಾಗಿದ್ದ ಕಾಲದಲ್ಲಿ, ಜಾತ್ರೆಗೆ ಚಿತ್ರ ಹೊಳೆಯಲೆಂದು ಮರದ ಸಾಮಾನಿಗೆ ಬಳಿಯುವ ವಾರ್ನಿಷನ್ನು ನಮ್ಮ ಕೈಯಿಂದಲೇ ಅದಕ್ಕೆ ಬಳಿದಿದ್ದೆವು. ಒಂದೆರಡು ವರ್ಷ ಹೊಳೆಯಿತು. ಆಮೇಲೆ ಹಳದಿಗಟ್ಟಿ, ಹೊಗೆಯನ್ನು ಹಿಡಿದು ಕಪ್ಪಾಯಿತು. ಭಕ್ತಿಯಿಂದ ಮಾಡಿದ ಕೆಲಸವೆಲ್ಲ ಸರಿಯಾದ ಕೆಲಸವಾಗಿರುವುದಿಲ್ಲ ಎಂಬುದಕ್ಕೆ ನಾವೇ ಸಾಕ್ಷಿ.

ನಮ್ಮ ನಿರ್ಣಯ ಇಷ್ಟು. ಹಳೆಯ ಹಲಗೆ ತನ್ನ ಸ್ಥಳದಲ್ಲಿಯೇ ಇರತಕ್ಕದ್ದು. ದೀಪವನ್ನು ಮಾತ್ರ ದೂರ ಸರಿಸಲಾಗಿದೆ. ಶಿಕ್ಷಕರು ಎರಡನೆಯ ಬಾರಿ ಬರೆದುಕೊಟ್ಟಿದ್ದಾರೆ. ಅದರಲ್ಲಿ ದೃಷ್ಟಿ ಲಿಂಗಕ್ಕೆ ಮರಳಿದೆ, ಕೈ ಎದೆಯ ಮಟ್ಟಕ್ಕೆ ಏರಿದೆ, ಎಡಗೆನ್ನೆಯನ್ನು ಗೆರೆಯಿಲ್ಲದ ತೆಳುಬಣ್ಣದಲ್ಲಿ ಹಾಗೆಯೇ ಬಿಡಲಾಗಿದೆ. ಕೆಳಗೆ ಬರೆದವರ ಹೆಸರು, ವರ್ಷ, ಹಲಗೆಯ ಚಿತ್ರವನ್ನು ನೋಡಿ ಬರೆದದ್ದೆಂಬ ಒಕ್ಕಣೆ ಇವೆ. ಕಾವಿಯ ಬಣ್ಣ ಇನ್ನೂ ಸ್ವಲ್ಪ ಅಬ್ಬರವಾಯಿತೆಂಬುದು ನಮ್ಮ ಭಾವನೆ, ಅವರು ಒಪ್ಪಿಲ್ಲ. ಅದು ಅವರ ಚಿತ್ರ, ಅವರ ಬಣ್ಣ. ಈ ಪ್ರತಿ ಈಗ ಪ್ರಸಾದನಿಲಯದಲ್ಲಿದೆ.

ಸದ್ಭಕ್ತರಲ್ಲಿ ಒಂದು ಬಿನ್ನಹ. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಸಾರಿ, ಕಚೇರಿಗಳಲ್ಲಿ ಅವರ ಭಾವಚಿತ್ರವನ್ನು ಇರಿಸುವಂತೆ ಮಾಡಿದ್ದು ನಮಗೆಲ್ಲ ಸಂತೋಷದ ಸಂಗತಿ. ಆ ಒಂದು ಮುಖ ಎಲ್ಲೆಡೆ ಕಾಣುವ ಈ ಹೊತ್ತಿನಲ್ಲಿ ನಿಮ್ಮ ಅಟ್ಟದಲ್ಲಿ, ಊರಿನ ಗುಡಿಯಲ್ಲಿ, ಸಣ್ಣ ಮಠಗಳಲ್ಲಿ ಉಳಿದಿರುವ ಶರಣರ ಹಳೆಯ ಪಟಗಳನ್ನು ಮಂಕಾದವೆಂದು ಹೊಳೆಗೆ ಬಿಡಬೇಡಿರಿ. ಒದ್ದೆ ಬಟ್ಟೆಯಿಂದ ಒರೆಸಬೇಡಿರಿ, ಎಣ್ಣೆ ವಾರ್ನಿಷುಗಳನ್ನು ಬಳಿಯಬೇಡಿರಿ, ನೀರು ಜಿನುಗುವ ಗೋಡೆಗೆ ತಗುಲಿಸಬೇಡಿರಿ. ಹಿಂದುಮುಂದುಗಳೆರಡರ ಛಾಯಾಚಿತ್ರಗಳನ್ನೂ ತೆಗೆದಿಡಿರಿ. ಹಿಂಬದಿಯಲ್ಲಿ ಒಮ್ಮೊಮ್ಮೆ ಹೆಸರೋ ಸಂವತ್ಸರವೋ ಇರುತ್ತದೆ. ಹೊಸದಾಗಿ ಬರೆಯಿಸುವುದಾದರೆ ಧಾರಾಳವಾಗಿ ಬರೆಯಿಸಿರಿ, ಯಾವ ಉಪಕರಣದಿಂದಲಾದರೂ ಸರಿ. ಆದರೆ ಹಳೆಯದರ ಪಕ್ಕದಲ್ಲಿ ಬರೆಯಿಸಿರಿ, ಅದರ ಮೇಲೆ ಬೇಡ.

ಪೂಜಾಂಕಣಕ್ಕೆ ಬಂದಾಗ ಎರಡು ಚಿತ್ರಗಳನ್ನೂ ನೋಡಿರಿ. ಮೊದಲು ಹಲಗೆಯನ್ನು, ಆಮೇಲೆ ಪ್ರತಿಯನ್ನು. ಹಲಗೆಯ ಮುಂದೆ ಸ್ವಲ್ಪ ಹೊತ್ತು ಕುಳಿತಿದ್ದರೆ ಕಪ್ಪಿನೊಳಗಿಂದ ಆ ಇಳಿದ ರೆಪ್ಪೆಗಳು ನಿಧಾನವಾಗಿ ಕಾಣಿಸಿಕೊಳ್ಳುತ್ತವೆ.